ಎಲಾಸ್ಟಿಕ್ ಸೊಂಟದ ಸರಳ ಸ್ಕರ್ಟ್ ಹೊಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಪ್ ಇಲ್ಲ, ಕಾಜಾ ಇಲ್ಲ, ಡಾರ್ಟ್ ಇಲ್ಲ. ನೇರವಾಗಿ ಹೊಲಿಗೆ ಓಡಿಸಲು ಬಂದರೆ ಎಲಾಸ್ಟಿಕ್ ಸೊಂಟದ ಸ್ಕರ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಆದರೂ ಹೊಸದಾಗಿ ಹೊಲಿಯುವವರಿಂದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಸೊಂಟದ ಪಟ್ಟಿಯ ಬಗ್ಗೆಯೇ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿಯೂ ಆ ಭಾಗಕ್ಕೇ ಹೆಚ್ಚು ಜಾಗ.

ಯಾವ ಯಾವ ಅಳತೆಗಳು ಬೇಕು?

ಮೂರೇ: ಸೊಂಟದ ಸುತ್ತಳತೆ, ಹಿಪ್ ಸುತ್ತಳತೆ, ಉದ್ದ. ಸೊಂಟ ಎಂದರೆ ಸ್ಕರ್ಟ್ ಎಲ್ಲಿ ಕೂರಬೇಕೋ ಆ ಜಾಗ. ಅದು ಹೊಕ್ಕುಳಿಗಿಂತ ಮೇಲೂ ಇರಬಹುದು, ಕೆಳಗೂ ಇರಬಹುದು. ಜಾಗ ಗೊತ್ತಾಗದಿದ್ದರೆ ಒಂದು ಲಾಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನಾಲ್ಕಾರು ಸಲ ಕೂತು ಎದ್ದು ಮಾಡಿ. ಅದು ತಾನಾಗಿಯೇ ಒಂದು ಕಡೆ ಬಂದು ನಿಲ್ಲುತ್ತದೆ. ಅಲ್ಲಿಯೇ ಅಳೆಯಿರಿ. ಹಿಪ್ ಅಳತೆಯನ್ನು ಸೊಂಟದ ಕೆಳಗೆ ದೇಹ ಅತಿ ಅಗಲವಾಗಿರುವ ಕಡೆ ತೆಗೆದುಕೊಳ್ಳಬೇಕು, ಟೇಪು ನೆಲಕ್ಕೆ ಸಮಾನಾಂತರವಾಗಿರಬೇಕು. ಉದ್ದವನ್ನು ಅದೇ ಲಾಡಿಯಿಂದ ಕೆಳಕ್ಕೆ ಅಳೆಯಿರಿ.

ಇವುಗಳಲ್ಲಿ ಯಾವುದು ಯಾವುದಕ್ಕೆ ಎಂಬುದೇ ಮುಖ್ಯ. ಬಟ್ಟೆಯ ಅಗಲವನ್ನು ತೀರ್ಮಾನಿಸುವುದು ಹಿಪ್, ಎಲಾಸ್ಟಿಕ್ಕಿನ ಉದ್ದವನ್ನು ತೀರ್ಮಾನಿಸುವುದು ಸೊಂಟ. ಇವೆರಡನ್ನು ಅದಲು ಬದಲು ಮಾಡಿ ಸೊಂಟದ ಅಳತೆಗೆ ಬಟ್ಟೆ ಕತ್ತರಿಸಿದರೆ ಸ್ಕರ್ಟ್ ತೊಡೆಯ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಎಲಾಸ್ಟಿಕ್ ಎಷ್ಟೇ ಹಿಗ್ಗಿದರೂ ಅದರ ಸುತ್ತ ಇರುವ ಬಟ್ಟೆ ಹಿಗ್ಗುವುದಿಲ್ಲ.

ಹಾಗಾದರೆ ಬಟ್ಟೆಯ ಸುತ್ತಳತೆ ಎಷ್ಟಿರಬೇಕು?

ಕನಿಷ್ಠವೆಂದರೆ ಹಿಪ್ ಅಳತೆಗಿಂತ 8ರಿಂದ 10 ಸೆಂ.ಮೀ. ಹೆಚ್ಚು. ಇಷ್ಟಿದ್ದರೆ ಹಾಕಿ ತೆಗೆಯಬಹುದು, ಆದರೆ ನೆರಿಗೆ ಹೆಚ್ಚು ಕಾಣುವುದಿಲ್ಲ. ಉದ್ದದ ಸ್ಕರ್ಟ್ ಆದರೆ ನಡೆಯುವಾಗ ಕಾಲಿಗೆ ತಡೆಯುತ್ತದೆ. ಹಿಪ್ಪಿನ ಒಂದೂವರೆ ಪಟ್ಟು ಇಟ್ಟರೆ ದಿನಬಳಕೆಗೆ ಹಿತವಾದ ನೆರಿಗೆ ಬರುತ್ತದೆ. ಎರಡು ಪಟ್ಟು ಇಟ್ಟರೆ ಘೇರು (ಸ್ಕರ್ಟಿನ ಸುತ್ತಿನ ಹರಹು) ಚೆನ್ನಾಗಿ ಬರುತ್ತದೆ, ಆದರೆ ಬಟ್ಟೆ ತೆಳುವಾಗಿರಬೇಕು. ದಪ್ಪ ಬಟ್ಟೆಗೆ ಎರಡು ಪಟ್ಟು ಬೇಡ. ಅಷ್ಟೂ ಬಟ್ಟೆ ಸೊಂಟದ ಹತ್ತಿರ ಗುಡ್ಡೆಯಾಗಿ, ಮೇಲೆ ತೊಡುವ ಕುಪ್ಪಸವೂ ಉಬ್ಬಿ ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಲೆಕ್ಕ ತೋರಿಸುತ್ತೀರಾ?

ಸೊಂಟ 76, ಹಿಪ್ 100, ಬೇಕಾದ ಉದ್ದ 70 ಸೆಂ.ಮೀ. ಎಂದುಕೊಳ್ಳೋಣ. ಎಲಾಸ್ಟಿಕ್ ಅಗಲ 2.5 ಸೆಂ.ಮೀ.

ಮೊದಲು ಉದ್ದ. ಮೇಲ್ಗಡೆ ಎಲಾಸ್ಟಿಕ್ ತೂರಿಸುವ ಸೊಂಟದ ಮಡಿಕೆಗೆ 4.5 ಸೆಂ.ಮೀ. ಬೇಕು: ಒಳಕ್ಕೆ ಮಡಚಲು 1, ಮಡಿಕೆಗೆ 3.5. ಕೆಳ ಅಂಚಿಗೆ 1 ಮತ್ತು 2.5 ಸೇರಿ 3.5 ಸೆಂ.ಮೀ. ಒಟ್ಟು 78 ಸೆಂ.ಮೀ. ಇನ್ನು ಅಗಲ. ಬಟ್ಟೆ 110 ಸೆಂ.ಮೀ. ಅಗಲದ್ದಾದರೆ ಪೂರ್ತಿ ಅಗಲದ ಎರಡು ತುಂಡು ತೆಗೆದುಕೊಳ್ಳಿ. ಪಕ್ಕದ ಹೊಲಿಗೆಗಳಿಗೆ 1.5 ಸೆಂ.ಮೀ.ನಂತೆ ನಾಲ್ಕು ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಅಂಚು) ಕಳೆದರೆ ಸುತ್ತಳತೆ 214, ಅಂದರೆ ಹಿಪ್ಪಿನ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಬೇಕಾಗುವ ಬಟ್ಟೆ 78ರ ಎರಡರಷ್ಟು, 156 ಸೆಂ.ಮೀ.; ಕುಗ್ಗುವುದಕ್ಕೂ ಅಂಚು ನೇರ ಮಾಡುವುದಕ್ಕೂ ಸೇರಿಸಿ 1.7 ಮೀಟರ್ ಕೊಳ್ಳಿ.

ಬಟ್ಟೆ 150 ಸೆಂ.ಮೀ. ಅಗಲದ್ದಾದರೆ ಒಂದೇ ತುಂಡು ಸಾಕು. ಮಾರ್ಜಿನ್ ಕಳೆದು 147 ಸೆಂ.ಮೀ. ಸುತ್ತಳತೆ ಉಳಿಯುತ್ತದೆ, ಸುಮಾರು ಒಂದೂವರೆ ಪಟ್ಟು. 90 ಸೆಂ.ಮೀ. ಬಟ್ಟೆಯಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಹೊಲಿಗೆ ಇರುವುದರಿಂದ ಅದನ್ನು ಹಿಂಬದಿಯ ನಡುವೆ ಬರುವಂತೆ ತೊಟ್ಟುಕೊಳ್ಳಿ. ಮೊದಲ ಸ್ಕರ್ಟಿಗೆ ನನ್ನ ಆಯ್ಕೆ ಇದೇ: ಹೊಲಿಗೆ ಕಡಿಮೆ, ಸೊಂಟದಲ್ಲಿ ದಪ್ಪವೂ ಕಡಿಮೆ.

ಇಂಚಿನಲ್ಲಿ ಅಳೆಯಬಹುದೇ?

ಖಂಡಿತ. ಒಂದು ಇಂಚು ಎಂದರೆ 2.54 ಸೆಂ.ಮೀ. ಆದರೆ ಅಳತೆ ಇಂಚಿನಲ್ಲಿ, ಮಾರ್ಜಿನ್ ಸೆಂಟಿಮೀಟರಿನಲ್ಲಿ ಎಂದು ಬೆರೆಸಬೇಡಿ.

ಮೊದಲ ಬಾರಿಗೆ ಯಾವ ಬಟ್ಟೆ ಒಳ್ಳೆಯದು?

ಮಧ್ಯಮ ದಪ್ಪದ ಹತ್ತಿ: ಪಾಪ್ಲಿನ್, ಕೇಂಬ್ರಿಕ್, ಶಾಂಬ್ರೆ ಇಂಥವು. ಕತ್ತರಿಗೆ ಬಗ್ಗುತ್ತವೆ, ಇಸ್ತ್ರಿಯ ಮಡಿಕೆಯನ್ನು ಹಿಡಿದುಕೊಳ್ಳುತ್ತವೆ, ಮಷೀನಿನಲ್ಲಿ ಜಾರುವುದಿಲ್ಲ. ರೇಯಾನ್ ತುಂಬಾ ಸೊಗಸಾಗಿ ಇಳಿಬೀಳುತ್ತದೆ, ಆದರೆ ಕತ್ತರಿಸುವಾಗಲೇ ಸರಿದು ಓರೆಯಾಗುತ್ತದೆ. ಎರಡನೆಯ ಸ್ಕರ್ಟಿಗೆ ಇಟ್ಟುಕೊಳ್ಳಿ. ಸ್ಯಾಟಿನ್, ಶಿಫಾನ್ ಸದ್ಯಕ್ಕೆ ದೂರವಿರಲಿ. ಡೆನಿಮ್ ಬೇಕೇ ಬೇಕು ಎನ್ನುವವರು ತೆಳುವಾದದ್ದನ್ನು ಆರಿಸಿ, ಘೇರನ್ನು ಕನಿಷ್ಠಕ್ಕೆ ಇಳಿಸಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಇದೆ. ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ನೆರಿಗೆ ಹಿಡಿದು, ಉಳಿದದ್ದನ್ನು ಕೆಳಕ್ಕೆ ಇಳಿಬಿಡಿ. ನೆಟ್ಟಗೆ ಇಳಿದರೆ ನೆರಿಗೆಯ ಸ್ಕರ್ಟಿಗೆ ಒಪ್ಪುತ್ತದೆ. ಅರ್ಧ ಬಿಚ್ಚಿದ ಕೊಡೆಯ ಹಾಗೆ ಹೊರಕ್ಕೆ ನಿಂತರೆ ದೇಹದ ಮೇಲೂ ಹಾಗೆಯೇ ನಿಲ್ಲುತ್ತದೆ.

ಕತ್ತರಿಸುವ ಮುನ್ನ ಬಟ್ಟೆ ತೊಳೆಯಲೇಬೇಕೇ?

ತೊಳೆಯಲೇಬೇಕು. ಹತ್ತಿ ಬಟ್ಟೆ ಮೊದಲ ತೊಳೆತದಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ, 78 ಸೆಂ.ಮೀ. ತುಂಡಿನಲ್ಲಿ 4 ಸೆಂ.ಮೀ. ಹೋದರೆ ಮೊಣಕಾಲು ಮುಚ್ಚಬೇಕಿದ್ದ ಸ್ಕರ್ಟ್ ಮುಚ್ಚುವುದಿಲ್ಲ. ಮುಂದೆ ಸ್ಕರ್ಟನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಈಗ ಬಟ್ಟೆಯನ್ನೂ ಒಗೆಯಿರಿ. ಆಮೇಲೆ ಇಸ್ತ್ರಿ ಮಾಡಿ ಕತ್ತರಿಸಿ. ಬಣ್ಣ ಬಿಡುವ ಬಟ್ಟೆಯಾದರೆ ಅದೂ ಈಗಲೇ ತಿಳಿಯುತ್ತದೆ.

ಬಟ್ಟೆಯನ್ನು ಉದ್ದುದ್ದಕ್ಕೆ ಬಳಸಬೇಕೋ, ಅಡ್ಡಡ್ಡಕ್ಕೋ?

ಹಾಸು ಎಳೆ (ಬಟ್ಟೆಯ ಉದ್ದಕ್ಕೆ ಓಡುವ ನೂಲು) ಮೇಲಿನಿಂದ ಕೆಳಕ್ಕೆ, ಹೊಕ್ಕು ಎಳೆ (ಅಡ್ಡ ನೂಲು) ಸೊಂಟದ ಸುತ್ತ ಬರಬೇಕು. ನೇಯ್ಗೆಯ ಗಟ್ಟಿ ಅಂಚು ಹಾಸಿನ ದಿಕ್ಕಿನಲ್ಲಿರುತ್ತದೆ, ಅದನ್ನು ನೋಡಿಯೇ ಗುರುತಿಸಬಹುದು. ಹಾಸು ಎಳೆಗಳು ಕಡಿಮೆ ಹಿಗ್ಗುವುದರಿಂದ ಸ್ಕರ್ಟ್ ಜೋತುಬೀಳುವುದಿಲ್ಲ. ಗಟ್ಟಿ ಅಂಚು ಪಕ್ಕದ ಹೊಲಿಗೆಯಲ್ಲಿ ಬಂದರೆ ನೂಲು ಬಿಚ್ಚಿಕೊಳ್ಳುವ ಚಿಂತೆಯೂ ಇಲ್ಲ. ಆ ಅಂಚು ಬಿಗಿದುಕೊಂಡು ಬಟ್ಟೆಯನ್ನು ಎಳೆಯುತ್ತಿದ್ದರೆ ಮಾತ್ರ ಕತ್ತರಿಸಿಬಿಡಿ.

ಬಾರ್ಡರ್ ಇರುವ ಬಟ್ಟೆ ಇದಕ್ಕೆ ಹೊರತು. ಬಾರ್ಡರ್ ಕೆಳಗೆ ಬರಬೇಕಾದರೆ ಬಟ್ಟೆಯನ್ನು ಅಡ್ಡಲಾಗಿ ತಿರುಗಿಸಲೇಬೇಕು, ಗಟ್ಟಿ ನೇಯ್ಗೆಯ ಹತ್ತಿಯಲ್ಲಿ ಅದರಿಂದ ತೊಂದರೆಯಿಲ್ಲ. ಕೆಳ ಅಂಚು ಮಡಚುವ ಕೆಲಸವೂ ತಪ್ಪುತ್ತದೆ. ಹೂವು, ಹಕ್ಕಿ ಮೇಲ್ಮುಖವಾಗಿರುವ ಅಚ್ಚಿನ ಬಟ್ಟೆಯಲ್ಲಿ ಎರಡು ತುಂಡುಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಿ. ಇಲ್ಲವಾದರೆ ಹಿಂದಿನ ಹಕ್ಕಿಗಳೆಲ್ಲ ತಲೆಕೆಳಗಾಗಿ ಹಾರುತ್ತವೆ.

ಅಂಗಡಿಯಲ್ಲಿ ಹಲವು ಬಗೆಯ ಎಲಾಸ್ಟಿಕ್ ಇರುತ್ತದೆ. ಯಾವುದು ಬೇಕು?

ಹೆಣೆದ ಎಲಾಸ್ಟಿಕ್ ಅಂದರೆ ಜಡೆಯ ಹೆಣಿಗೆಯಂಥದ್ದು. ಎಳೆದಾಗ ಅಗಲ ಕಡಿಮೆಯಾಗುತ್ತದೆ. ತೋಳಿನ ತುದಿಗೆ ಅದು ಸಾಕು, ಸೊಂಟಕ್ಕೆ ಬೇಡ. ನಿಟ್ ಎಲಾಸ್ಟಿಕ್ ಮೃದು, ಎಳೆದರೂ ಅಗಲ ಉಳಿಸಿಕೊಳ್ಳುತ್ತದೆ. ತೆಳು ಬಟ್ಟೆಗೂ ಮಕ್ಕಳ ಸ್ಕರ್ಟಿಗೂ ಹಿತ. ನೇಯ್ದ ಎಲಾಸ್ಟಿಕ್ ಎಲ್ಲಕ್ಕಿಂತ ಗಟ್ಟಿ. ಅದರಲ್ಲೇ ಅಡ್ಡಕ್ಕೆ ಬಿರುಸಾದ ಗೆರೆಗಳಿರುವ, ಮಡಚಿಕೊಳ್ಳದ ಬಗೆಯೊಂದು ಸಿಗುತ್ತದೆ. ದೊಡ್ಡವರ ಸ್ಕರ್ಟಿಗೆ ನಾನು ಅದನ್ನೇ ಹೇಳುವುದು. ಕೂತು ಎದ್ದು ಮಾಡಿದಾಗ ಸುರುಳಿಯಾಗುವುದಿಲ್ಲ.

ಅಗಲ 2.5ರಿಂದ 4 ಸೆಂ.ಮೀ. ಇರಲಿ. ಅದಕ್ಕಿಂತ ಸಣ್ಣದು ಸೊಂಟವನ್ನು ಕೊರೆಯುತ್ತದೆ. ಕೊಳ್ಳುವಾಗ ಒಂದು ಗೇಣಿನಷ್ಟನ್ನು ಹಿಡಿದು ಚೆನ್ನಾಗಿ ಎಳೆದು ಬಿಡಿ. ಮೊದಲಿನ ಉದ್ದಕ್ಕೆ ಮರಳದೆ ಸೋತುಹೋಗಿದ್ದರೆ ಅದು ಹಳೆಯ ಮಾಲು, ಅಲ್ಲಿಯೇ ಬಿಟ್ಟು ಬನ್ನಿ.

ಎಲಾಸ್ಟಿಕ್ ಎಷ್ಟು ಉದ್ದ ಕತ್ತರಿಸಬೇಕು?

ಎಲ್ಲರೂ ಒಂದು ಸೂತ್ರ ಕೇಳುತ್ತಾರೆ. ಸೊಂಟದ ಅಳತೆಯಲ್ಲಿ ನೂರಕ್ಕೆ 5ರಿಂದ 10ರಷ್ಟು ಕಳೆದು, ಜೋಡಿಸಲು 2.5 ಸೆಂ.ಮೀ. ಸೇರಿಸಿ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. 76 ಸೆಂ.ಮೀ. ಸೊಂಟಕ್ಕೆ ಅದು ಸುಮಾರು 71ರಿಂದ 75 ಸೆಂ.ಮೀ. ತುಂಡು. ಅಂದಾಜಿಗೆ ಇದು ಸರಿ, ಆದರೆ ಇದನ್ನೇ ನಂಬಿ ಕತ್ತರಿ ಹಾಕುವುದು ಸರಿಯಲ್ಲ. ಮೃದುವಾದ ನಿಟ್ ಎಲಾಸ್ಟಿಕ್ ಈ ಅಳತೆಯಲ್ಲಿ ಸಡಿಲವೆನಿಸಬಹುದು, ಬಿರುಸಾದ ನೇಯ್ದದ್ದು ಉಸಿರು ಕಟ್ಟಿಸಬಹುದು. ಸ್ಕರ್ಟಿನ ಭಾರವೂ ಲೆಕ್ಕಕ್ಕೆ ಬರುತ್ತದೆ: ಪಾದದವರೆಗೆ ಇಳಿಯುವ, ಲೈನಿಂಗ್ ಇರುವ ಸ್ಕರ್ಟ್ ತನ್ನ ಭಾರಕ್ಕೇ ಕೆಳಗೆ ಜಗ್ಗುತ್ತದೆ, ಅದಕ್ಕೆ ಹಿಡಿತ ಹೆಚ್ಚು ಬೇಕು.

ಹಾಗಾಗಿ ಎಲಾಸ್ಟಿಕ್ಕನ್ನು ಮೈಮೇಲೆಯೇ ಅಳೆಯಿರಿ. ಸೊಂಟಕ್ಕೆ ಸುತ್ತಿ, ತುದಿಗಳನ್ನು ಒಂದರ ಮೇಲೊಂದು ತಂದು ಪಿನ್ನು ಹಾಕಿ, ಕೂತುಕೊಳ್ಳಿ, ಬಗ್ಗಿ, ಒಂದು ದೀರ್ಘ ಉಸಿರು ತೆಗೆದುಕೊಳ್ಳಿ. ಹಿಪ್ಪಿನ ಮೇಲಿಂದ ಕೆಳಕ್ಕೆ ಜಾರಿಸಿ ನೋಡಿ. ಅಲ್ಲಿ ಹಿಗ್ಗಿ ಸಲೀಸಾಗಿ ಇಳಿಯಬೇಕು. ಹಿತವೆನಿಸಿದ ಕಡೆ ಪೆನ್ನಿನಿಂದ ಗುರುತು ಮಾಡಿ, ಗುರುತಿನಿಂದಾಚೆ ಐದಾರು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟೇ ಕತ್ತರಿಸಿ. ಬಟ್ಟೆಯೊಳಗೆ ತೂರಿಸಿದ ಮೇಲೆ ನೆರಿಗೆಗಳ ದಪ್ಪಕ್ಕೆ ಬಿಗಿ ಸ್ವಲ್ಪ ಬದಲಾಗುತ್ತದೆ, ಆಗ ಆ ಹೆಚ್ಚುವರಿ ತುಂಡು ಕೈಕೊಡುವುದಿಲ್ಲ.

ಯಾವುದರ ನಂತರ ಯಾವುದನ್ನು ಹೊಲಿಯಬೇಕು?

ತುಂಡುಗಳ ಹೊರಮೈಗಳನ್ನು ಎದುರುಬದುರಾಗಿಟ್ಟು ಪಕ್ಕದ ಹೊಲಿಗೆಗಳನ್ನು 1.5 ಸೆಂ.ಮೀ. ಒಳಗೆ ಹಾಕಿ. ಆರಂಭದಲ್ಲೂ ಕೊನೆಯಲ್ಲೂ ಮೂರ್ನಾಲ್ಕು ಹೊಲಿಗೆ ಹಿಂದಕ್ಕೆ ಓಡಿಸಿ ಭದ್ರ ಮಾಡಿ. ಹೊಲಿಗೆಯ ಉದ್ದ 2.5 ಮಿ.ಮೀ. ಇರಲಿ. ಮಾರ್ಜಿನ್ ಅಂಚುಗಳಿಗೆ ಜಿಗ್‌ಜಾಗ್ (ಅಂಕುಡೊಂಕು ಹೊಲಿಗೆ) ಹಾಕಿ, ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ.

ಆಮೇಲೆ ಸೊಂಟದ ಮಡಿಕೆ. ಮೇಲಂಚನ್ನು 1 ಸೆಂ.ಮೀ. ಒಳಮೈಗೆ ಮಡಚಿ ಇಸ್ತ್ರಿ ಒತ್ತಿ, ಮತ್ತೆ 3.5 ಸೆಂ.ಮೀ. ಮಡಚಿ ಒತ್ತಿ. ತುದಿಯಿಂದ ತುದಿಗೆ ಅಗಲ ಒಂದೇ ಸಮನಾಗಿರಲಿ. ಗಟ್ಟಿ ಕಾಗದದ ಮೇಲೆ 3.5 ಸೆಂ.ಮೀ.ಗೆ ಗೆರೆ ಎಳೆದುಕೊಂಡು, ಆ ಗೆರೆಯವರೆಗೆ ಬಟ್ಟೆ ಮಡಚುತ್ತ ಹೋದರೆ ಪ್ರತಿ ಸಲ ಟೇಪು ಹಿಡಿಯುವ ಕಷ್ಟವಿಲ್ಲ. ಕೆಳಗಿನ ಮಡಿಕೆಯ ಅಂಚಿನಿಂದ 2 ಮಿ.ಮೀ. ಒಳಗೆ ಸುತ್ತಲೂ ಹೊಲಿಯಿರಿ, ಎಲಾಸ್ಟಿಕ್ ತೂರಿಸಲು ಹಿಂಬದಿಯಲ್ಲಿ 5 ಸೆಂ.ಮೀ. ಬಾಯಿ ಬಿಡಿ. ಕೊನೆಗೆ ಸೊಂಟದ ಮೇಲ್ತುದಿಯಿಂದ 3 ಮಿ.ಮೀ. ಕೆಳಗೆ ಪೂರ್ತಿ ಸುತ್ತ ಇನ್ನೊಂದು ಸಾಲು ಓಡಿಸಿ. ಈ ಎರಡನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿದ್ದರೆ ಮೇಲ್ತುದಿ ಚೂಪಾಗಿ ನಿಲ್ಲುತ್ತದೆ, ಎಲಾಸ್ಟಿಕ್ಕಿಗೆ 3 ಸೆಂ.ಮೀ. ದಾರಿ ಮಾತ್ರ ಉಳಿಯುತ್ತದೆ. 2.5 ಸೆಂ.ಮೀ. ಎಲಾಸ್ಟಿಕ್ಕಿಗೆ ಅರ್ಧ ಸೆಂಟಿಮೀಟರ್ ಓಡಾಟ ಸಾಕು. ಅದಕ್ಕಿಂತ ಹೆಚ್ಚು ಜಾಗ ಕೊಟ್ಟರೆ ಅದು ಒಳಗೇ ಹೊರಳಲು ಶುರುಮಾಡುತ್ತದೆ.

ಎಲಾಸ್ಟಿಕ್ಕಿನ ಒಂದು ತುದಿಗೆ ಸೇಫ್ಟಿ ಪಿನ್ನು ಹಾಕಿ ಬಾಯಿಯಿಂದ ತೂರಿಸಿ, ತೊಟ್ಟು ನೋಡಿ, ತುದಿಗಳನ್ನು ಜೋಡಿಸಿ, ಬಾಯಿ ಮುಚ್ಚಿ. ಕೆಳ ಅಂಚು ಎಲ್ಲಕ್ಕಿಂತ ಕೊನೆಗೆ.

ಎಲಾಸ್ಟಿಕ್ ತೂರಿಸುವಾಗ ಪಿನ್ನು ಒಂದು ಕಡೆ ಸಿಕ್ಕಿ ಮುಂದಕ್ಕೇ ಹೋಗುವುದಿಲ್ಲ. ಏನು ಮಾಡಲಿ?

ಅದು ಸಿಕ್ಕಿರುವುದು ಬಹುತೇಕ ಪಕ್ಕದ ಹೊಲಿಗೆಯ ಹತ್ತಿರವೇ. ಮಡಿಕೆಯ ಒಳಗೆ ಮಾರ್ಜಿನ್‌ನ ಎರಡು ರೆಕ್ಕೆಗಳು ಸಡಿಲವಾಗಿರುತ್ತವೆ. ಪಿನ್ನಿನ ತಲೆ ಆ ರೆಕ್ಕೆಯ ಕೆಳಗೆ ಹೊಕ್ಕು ಚೀಲದೊಳಗೆ ಬಿದ್ದಂತಾಗುತ್ತದೆ. ಜೋರಾಗಿ ತಳ್ಳಿದರೆ ಪಿನ್ನು ಒಳಗೇ ತೆರೆದುಕೊಳ್ಳುತ್ತದೆ, ಆಮೇಲೆ ಅದನ್ನು ಹೊರತೆಗೆಯುವುದೇ ಒಂದು ಕೆಲಸ. ಎರಡು ಸೆಂಟಿಮೀಟರ್ ಹಿಂದಕ್ಕೆ ಎಳೆದು, ಹೊರಗಿನಿಂದ ಹೆಬ್ಬೆರಳಿನಲ್ಲಿ ಆ ರೆಕ್ಕೆಯನ್ನು ಒತ್ತಿ ಹಿಡಿದು, ಪಿನ್ನನ್ನು ಅದರ ಮೇಲಿಂದ ಹಾಯಿಸಿ.

ಮುಂದಿನ ಸಲ ಈ ತೊಂದರೆಯೇ ಬಾರದಂತೆ ಮಾಡಬಹುದು. ಸೊಂಟದ ಮಡಿಕೆ ಮಡಚುವ ಮೊದಲು, ಮೇಲಿನ ಹತ್ತು ಸೆಂಟಿಮೀಟರಿನಷ್ಟು ಉದ್ದಕ್ಕೆ ಮಾರ್ಜಿನ್‌ನ ಎರಡೂ ರೆಕ್ಕೆಗಳನ್ನು ಬಟ್ಟೆಗೆ ಒಂದೊಂದು ಸಾಲು ಹೊಲಿದುಬಿಡಿ. ಹೊರಗೆ ಕಾಣುವ ಆ ಸಾಲುಗಳು ನೆರಿಗೆಯಲ್ಲಿ ಮುಚ್ಚಿಹೋಗುತ್ತವೆ.

ಇನ್ನೊಂದು ಮಾತು. ತೂರಿಸಲು ಹೊರಡುವ ಮುನ್ನ ಎಲಾಸ್ಟಿಕ್ಕಿನ ಬಾಲದ ತುದಿಯನ್ನು ಬಾಯಿಯ ಹತ್ತಿರದ ಬಟ್ಟೆಗೆ ಬೇರೊಂದು ಪಿನ್ನಿನಿಂದ ಕಚ್ಚಿಸಿಡಿ. ಇಲ್ಲದಿದ್ದರೆ ತಲೆ ಹೊರಬರುವ ಹೊತ್ತಿಗೆ ಬಾಲ ಒಳಗೆ ಸರಿದಿರುತ್ತದೆ.

ತುದಿಗಳನ್ನು ಗಂಟು ಹಾಕಿದರೆ ಸಾಲದೇ?

ಸಾಲದು. ಗಂಟು ಬೆನ್ನಿಗೆ ಒತ್ತುತ್ತದೆ, ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಎರಡು ತುದಿಗಳನ್ನು 2.5 ಸೆಂ.ಮೀ. ಒಂದರ ಮೇಲೊಂದು ಇಟ್ಟು ಚೌಕಾಕಾರವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿ. ತುಂಬಾ ದಪ್ಪನೆಯ ಎಲಾಸ್ಟಿಕ್ ಆದರೆ ತುದಿಗೆ ತುದಿ ಮುಟ್ಟಿಸಿ, ಕೆಳಗೆ ಒಂದು ಬಟ್ಟೆಯ ಚೂರು ಇಟ್ಟು ಅಗಲವಾದ ಜಿಗ್‌ಜಾಗ್ ಹೊಲಿಯಿರಿ, ಉಬ್ಬು ಬರುವುದಿಲ್ಲ. ಜೋಡಿಸುವ ಮೊದಲು ಎಲಾಸ್ಟಿಕ್ ಒಳಗೆಲ್ಲೂ ತಿರುಚಿಕೊಂಡಿಲ್ಲ ಎಂಬುದನ್ನು ಪೂರ್ತಿ ಸುತ್ತ ಬೆರಳಾಡಿಸಿ ನೋಡಿ.

ಅವಸರವಿಲ್ಲದಿದ್ದರೆ ತುದಿಗಳನ್ನು ಪಿನ್ನಿನಲ್ಲೇ ಬಿಟ್ಟು ಒಂದೆರಡು ಗಂಟೆ ಮನೆಯಲ್ಲಿ ತೊಟ್ಟು ಓಡಾಡಿ. ಕನ್ನಡಿಯ ಮುಂದೆ ನಿಂತಾಗ ಹೇಳದ ಸತ್ಯವನ್ನು ಸೊಂಟ ಆಗ ಹೇಳುತ್ತದೆ.

ಎರಡು ಸಲ ತೊಡುವಷ್ಟರಲ್ಲಿ ಎಲಾಸ್ಟಿಕ್ ಒಳಗೇ ಹೊರಳಿಹೋಗುತ್ತದೆ. ತಡೆಯುವುದು ಹೇಗೆ?

ಮಡಿಕೆ ಎಲಾಸ್ಟಿಕ್ಕಿಗಿಂತ ಬಹಳ ಅಗಲವಾಗಿದೆ, ಅಥವಾ ಎಲಾಸ್ಟಿಕ್ ತೀರಾ ಮೃದುವಾಗಿದೆ. ಈಗಿರುವುದನ್ನು ಸರಿಪಡಿಸಲು ನೆರಿಗೆಗಳನ್ನು ಸಮನಾಗಿ ಹರಡಿ, ಎರಡು ಪಕ್ಕದ ಹೊಲಿಗೆಗಳ ಮೇಲೆ, ಮುಂಬದಿಯ ಮಧ್ಯದಲ್ಲಿ ಮತ್ತು ಹಿಂಬದಿಯ ಮಧ್ಯದಲ್ಲಿ, ಮಡಿಕೆಯ ಮೇಲಿನಿಂದ ಕೆಳಕ್ಕೆ ಎಲಾಸ್ಟಿಕ್ ಸೇರಿಸಿ ಲಂಬವಾಗಿ ಹೊಲಿಯಿರಿ. ನಾಲ್ಕು ಕಡೆ ಹಿಡಿದರೆ ಅದು ಹೊರಳುವುದಿಲ್ಲ, ನೆರಿಗೆಗಳೂ ಒಂದೇ ಕಡೆಗೆ ಸರಿದು ಗುಂಪಾಗುವುದಿಲ್ಲ. ಅಳತೆ ಪೂರ್ತಿ ಖಚಿತವಾದ ಮೇಲೆ ಮಾತ್ರ ಇದನ್ನು ಮಾಡಿ. ಎಲಾಸ್ಟಿಕ್ ಬದಲಿಸಬೇಕಾದಾಗ ಈ ಹೊಲಿಗೆಗಳನ್ನು ಬಿಚ್ಚಬೇಕಾಗುತ್ತದೆ.

ಎಲಾಸ್ಟಿಕ್ಕನ್ನು ನೇರವಾಗಿ ಬಟ್ಟೆಗೇ ಎಳೆದು ಹೊಲಿಯುತ್ತಾರಲ್ಲ, ಅದು ಸುಲಭವಲ್ಲವೇ?

ಕೈ ಪಳಗಿದವರಿಗೆ ಬೇಗ ಆಗುತ್ತದೆ. ಎಲಾಸ್ಟಿಕ್ಕನ್ನೂ ಬಟ್ಟೆಯನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಎಳೆಯುತ್ತ ಜಿಗ್‌ಜಾಗ್ ಹಾಕಬೇಕು. ಸೂಜಿ ಚುಚ್ಚುವುದರಿಂದ ಎಲಾಸ್ಟಿಕ್ ಸ್ವಲ್ಪ ಸಡಿಲವಾಗುತ್ತದೆ, ಹಾಗಾಗಿ ಎರಡು ಮೂರು ಸೆಂಟಿಮೀಟರ್ ಕಡಿಮೆ ಉದ್ದ ಬೇಕು. ಹೆಣೆದ ಎಲಾಸ್ಟಿಕ್ ಇದಕ್ಕೆ ಆಗದು. ಮೊದಲ ಸ್ಕರ್ಟಿಗೆ ಬೇಡ ಎಂಬುದು ನನ್ನ ಸಲಹೆ. ಮಡಿಕೆಯಲ್ಲಿ ತೂರಿಸಿದ್ದನ್ನು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು, ಹೀಗೆ ಹೊಲಿದದ್ದನ್ನು ಬಿಚ್ಚಲು ಸಂಜೆಯೇ ಬೇಕು.

ನೆರಿಗೆಯಿಂದ ಹೊಟ್ಟೆ ದಪ್ಪ ಕಾಣುತ್ತದೆ. ಬೇರೆ ದಾರಿ ಇದೆಯೇ?

ಎರಡಿವೆ. ಒಂದು, ಎಲಾಸ್ಟಿಕ್ಕನ್ನು ಹಿಂಬದಿಗೆ ಮಾತ್ರ ಕೊಟ್ಟು ಮುಂಬದಿಯನ್ನು ಚಪ್ಪಟೆಯಾಗಿ ಬಿಡುವುದು. ಮುಂದಿನ ಪಟ್ಟಿಗೆ ಒಳಗಿನಿಂದ ಕ್ಯಾನ್ವಾಸ್ (ಪಟ್ಟಿಯನ್ನು ಬಿರುಸಾಗಿಸುವ ಒಳಬಟ್ಟೆ) ಅಂಟಿಸಿದರೆ ಸುಕ್ಕಾಗುವುದಿಲ್ಲ. ಎಲಾಸ್ಟಿಕ್ ತುದಿಗಳನ್ನು ಪಕ್ಕದ ಹೊಲಿಗೆಗಳಲ್ಲಿ ಭದ್ರಪಡಿಸಬೇಕು. ಹಿಂಬದಿ ಹಿಗ್ಗಿದಾಗ ಒಟ್ಟು ಸುತ್ತಳತೆ ಹಿಪ್ಪಿನ ಮೇಲಿಂದ ಇಳಿಯುವಷ್ಟು ಇರುತ್ತದೆಯೇ ಎಂಬುದನ್ನು ಮರೆಯಬೇಡಿ.

ಎರಡನೆಯದು ಎ ಲೈನ್ ಕಟಿಂಗ್: ಮೇಲೆ ಕಿರಿದು, ಕೆಳಗೆ ಅಗಲ. ಮೇಲಿನ ಸುತ್ತಳತೆಯನ್ನು ಹಿಪ್ಪಿಗಿಂತ 5 ಸೆಂ.ಮೀ. ಮಾತ್ರ ಹೆಚ್ಚಿಗೆ ಇಟ್ಟು ಘೇರನ್ನೆಲ್ಲ ಕೆಳಗೆ ಕೊಡಬಹುದು. ಪಕ್ಕದ ಗೆರೆ ಓರೆಯಾಗಿರುವುದರಿಂದ ಸೊಂಟದ ಅಂಚನ್ನೂ ಕೆಳ ಅಂಚನ್ನೂ ಸ್ವಲ್ಪ ಬಾಗಿಸಿ, ಪಕ್ಕಗಳಲ್ಲಿ ಮೂಲೆ ಚೂಪಾಗದಂತೆ ಕತ್ತರಿಸಿ.

ಎ ಲೈನ್ ಸ್ಕರ್ಟಿನಲ್ಲಿ ಸೊಂಟದ ಮಡಿಕೆ ಸುಕ್ಕುಗಟ್ಟುತ್ತದೆ, ಎಳೆದಂತಾಗುತ್ತದೆ. ಯಾಕೆ?

ಪಕ್ಕದ ಓರೆಯನ್ನು ಹಾಗೆಯೇ ಮೇಲಿನವರೆಗೆ ಎಳೆದು ಕತ್ತರಿಸಿದ್ದೀರಿ. ಆಗ ಮೇಲಂಚು ಎಲ್ಲಕ್ಕಿಂತ ಕಿರಿದಾಗುತ್ತದೆ, ಅದನ್ನು ಮಡಚಿ ಕೆಳಗೆ ತಂದಾಗ ಅಗಲವಾದ ಭಾಗದ ಮೇಲೆ ಕೂರಬೇಕಾಗುತ್ತದೆ, ಸಾಲುವುದಿಲ್ಲ. ಮಡಚುವ ಗೆರೆಯಿಂದ ಮೇಲಕ್ಕೆ ಪಕ್ಕದ ಅಂಚು ಮತ್ತೆ ಹೊರಕ್ಕೆ ಚಾಚಬೇಕು, ಕೆಳಗಿನ ಓರೆಯ ಕನ್ನಡಿ ಬಿಂಬವಾಗಿ. ಲೆಕ್ಕ ಹಾಕುವುದು ಬೇಡ. ಪ್ಯಾಟರ್ನ್ ಕಾಗದವನ್ನು ಮಡಚುವ ಗೆರೆಯಲ್ಲಿ ನಿಜವಾಗಿಯೇ ಮಡಚಿ, ಮಡಚಿದ ಸ್ಥಿತಿಯಲ್ಲೇ ಪಕ್ಕದ ಗೆರೆಯನ್ನು ಕತ್ತರಿಸಿ ಬಿಡಿಸಿ. ಆಕಾರ ತಾನಾಗಿ ಬಂದಿರುತ್ತದೆ.

ತೊಟ್ಟಾಗ ಸ್ಕರ್ಟ್ ಹಿಂದುಗಡೆ ಮೇಲಕ್ಕೆದ್ದು ಕಾಣುತ್ತದೆ.

ಹಿಂಭಾಗದ ತುಂಬು ದೇಹದ ಮೇಲೆ ಹಾದು ಬರಲು ಬಟ್ಟೆಗೆ ಹೆಚ್ಚು ಉದ್ದ ಬೇಕು, ಆ ಉದ್ದವನ್ನು ಅದು ಕೆಳಗಿನಿಂದ ಕದಿಯುತ್ತದೆ. ಕತ್ತರಿಸುವಾಗಲೇ ಹಿಂಬದಿಯ ಮೇಲಂಚಿನ ನಡುವೆ 1.5ರಿಂದ 2 ಸೆಂ.ಮೀ. ಹೆಚ್ಚಿಗೆ ಬಿಟ್ಟು, ಪಕ್ಕದ ಹೊಲಿಗೆಗೆ ಬರುವಷ್ಟರಲ್ಲಿ ಸೊನ್ನೆಯಾಗುವಂತೆ ಬಾಗಿಸಿ. ಈಗಾಗಲೇ ಸೊಂಟ ಹೊಲಿದಾಗಿದ್ದರೆ ಕೆಳ ಅಂಚಿನಲ್ಲಿ ಸರಿಪಡಿಸಿ: ತೊಟ್ಟು ನಿಂತುಕೊಳ್ಳಿ, ಇನ್ನೊಬ್ಬರು ನೆಲದಿಂದ ಸ್ಕೇಲು ಹಿಡಿದು ಸುತ್ತಲೂ ಒಂದೇ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಲಿ. ಕೆಳ ಅಂಚನ್ನು ಕೊನೆಗೆ ಇಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ. ಎ ಲೈನ್ ಆದರೆ ಗುರುತು ಹಾಕುವ ಮೊದಲು ಒಂದು ರಾತ್ರಿ ನೇತುಹಾಕಿಡಿ, ಓರೆಯಾದ ಭಾಗಗಳು ಇಳಿಯುವಷ್ಟು ಇಳಿದುಬಿಡಲಿ.

ಜೇಬು ಇಡಬಹುದೇ?

ಇಡಲೇಬೇಕು ಎನ್ನುತ್ತೇನೆ. ಪಕ್ಕದ ಹೊಲಿಗೆಯಲ್ಲಿ ಬರುವ ಜೇಬೇ ಸುಲಭ. ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಸಡಿಲವಾಗಿ ಗೆರೆ ಎಳೆದರೆ ಅದೇ ಪ್ಯಾಟರ್ನ್. ನಾಲ್ಕು ತುಂಡು ಕತ್ತರಿಸಿ, ಮುಂದಿನ ಮತ್ತು ಹಿಂದಿನ ತುಂಡುಗಳಿಗೆ ಪಕ್ಕದ ಅಂಚಿನಲ್ಲಿ ಒಂದೊಂದು ಜೇಬಿನ ತುಂಡು ಹೊಲಿದು, ಆಮೇಲೆ ಪಕ್ಕದ ಹೊಲಿಗೆಯನ್ನು ಜೇಬಿನ ಸುತ್ತ ಹಾಯಿಸಿ ಒಂದೇ ಓಟದಲ್ಲಿ ಹಾಕಿ. ಬಾಯಿ 15ರಿಂದ 17 ಸೆಂ.ಮೀ. ಇರಲಿ, ಸಿದ್ಧ ಸೊಂಟದಿಂದ ಸುಮಾರು 8 ಸೆಂ.ಮೀ. ಕೆಳಗೆ ಶುರುವಾಗಲಿ. ಜೇಬು ಇಟ್ಟರೆ ಎಲಾಸ್ಟಿಕ್ ಒಂದು ಚೂರು ಬಿಗಿಯಾಗಿರಲಿ; ಮೊಬೈಲಿನ ಭಾರಕ್ಕೆ ಸೊಂಟವೇ ಒಂದು ಕಡೆ ಜಗ್ಗಬಾರದು.

ತೆಳು ಬಟ್ಟೆಗೆ ಲೈನಿಂಗ್ ಹೇಗೆ?

ಅದೇ ಕಟಿಂಗ್‌ನಲ್ಲಿ, ಆದರೆ ಘೇರು ಕಡಿಮೆ: ಹಿಪ್ಪಿಗಿಂತ 10 ಸೆಂ.ಮೀ. ಹೆಚ್ಚಿದ್ದರೆ ಸಾಕು. ಉದ್ದದ ಸ್ಕರ್ಟಾದರೆ ನಡೆಯಲು ಲೈನಿಂಗಿನ ಪಕ್ಕಗಳಲ್ಲಿ ಸೀಳು ಬಿಡಿ. ಹೊರಬಟ್ಟೆಯ ಮೇಲಂಚಿಗೆ ಉದ್ದ ಹೊಲಿಗೆ ಹಾಕಿ ನೆರಿಗೆ ಹಿಡಿದು ಲೈನಿಂಗಿನ ಸುತ್ತಳತೆಗೆ ತನ್ನಿ, ಎರಡನ್ನೂ ಸೇರಿಸಿ ಬೇರೆ ಪಟ್ಟಿಯೊಂದನ್ನು ಜೋಡಿಸಿ, ಅದರೊಳಗೆ ಎಲಾಸ್ಟಿಕ್ ತೂರಿಸಿ. ಎರಡು ಪದರನ್ನೂ ಒಟ್ಟಿಗೆ ಮಡಚಿದರೆ ಸೊಂಟ ದಪ್ಪವಾಗುತ್ತದೆ. ಲೈನಿಂಗಿನ ಕೆಳ ಅಂಚು ಹೊರಬಟ್ಟೆಗಿಂತ 2ರಿಂದ 3 ಸೆಂ.ಮೀ. ಮೇಲಿರಲಿ.

ಓವರ್‌ಲಾಕ್ ಮಷೀನ್ ಇಲ್ಲ, ಜಿಗ್‌ಜಾಗ್ ಕೂಡ ಇಲ್ಲ. ಒಳಗಿನ ಅಂಚುಗಳು ಬಿಚ್ಚಿಕೊಳ್ಳುತ್ತವೆಯಲ್ಲ?

ಫ್ರೆಂಚ್ ಸೀಮ್ ಹಾಕಿ. ಮೊದಲು ಒಳಮೈಗಳನ್ನು ಎದುರುಬದುರಾಗಿಟ್ಟು 6 ಮಿ.ಮೀ. ಒಳಗೆ ಹೊಲಿಯಿರಿ. ಮಾರ್ಜಿನ್ ಅನ್ನು 3 ಮಿ.ಮೀ.ಗೆ ಕತ್ತರಿಸಿ, ತಿರುಗಿಸಿ, ಈಗ ಹೊರಮೈಗಳನ್ನು ಸೇರಿಸಿ 9 ಮಿ.ಮೀ. ಒಳಗೆ ಮತ್ತೊಂದು ಸಾಲು. ಎರಡೂ ಸೇರಿ ಅದೇ 1.5 ಸೆಂ.ಮೀ., ಹಸಿ ಅಂಚು ಪೂರ್ತಿ ಒಳಗೆ ಮುಚ್ಚಿಹೋಗಿರುತ್ತದೆ. ದಪ್ಪ ಬಟ್ಟೆಗೆ ಇದು ಹೊಂದದು.

ಮಷೀನಿನಲ್ಲಿ ಹೊಲಿಗೆ ತಪ್ಪುತ್ತದೆ, ಕೆಳಗೆ ದಾರ ಗುಂಜಾಗುತ್ತದೆ.

ಹೊಲಿಗೆ ತಪ್ಪುತ್ತಿದ್ದರೆ ಸೂಜಿ ಬದಲಿಸಿ. ಮಧ್ಯಮ ಹತ್ತಿಗೆ 80/12, ತೀರಾ ತೆಳು ಬಟ್ಟೆಗೆ 70/10, ಡೆನಿಮ್‌ಗೆ 90/14 ಅಥವಾ 100/16. ಮೊದಲ ಅಂಕಿ ಸೂಜಿಯ ದಪ್ಪ: 80 ಎಂದರೆ 0.8 ಮಿ.ಮೀ. ಹಿಗ್ಗುವ ನಿಟ್ ಬಟ್ಟೆಗೆ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿಯೇ ಬೇಕು.

ಕೆಳಗೆ ದಾರ ಗುಂಜಾದರೆ ಎಲ್ಲರೂ ಕೆಳದಾರ ಸುತ್ತಿರುವ ಬಾಬಿನ್ ಬಿಚ್ಚಿ ನೋಡುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಕೆಳಗಿರುವಾಗ ದಾರ ಪೋಣಿಸಿದರೆ ಅದು ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ, ಬಿಗಿಯಿಲ್ಲದೆ ಕೆಳಗೆ ಹರಿದು ಸುತ್ತಿಕೊಳ್ಳುತ್ತದೆ. ಫೂಟ್ ಮೇಲೆತ್ತಿ ಮೊದಲಿನಿಂದ ಪೋಣಿಸಿ. ಶುರುವಿನಲ್ಲಿ ಎರಡೂ ದಾರಗಳ ತುದಿಯನ್ನು ಹಿಂದಕ್ಕೆ ಹಿಡಿದುಕೊಂಡು ಮೂರು ಹೊಲಿಗೆ ಹಾಕಿ, ಆಮೇಲೆ ಬಿಡಿ.

ಮಷೀನೇ ಇಲ್ಲದೆ ಕೈಯಲ್ಲಿ ಹೊಲಿಯಬಹುದೇ?

ಆಗುತ್ತದೆ. ಪಕ್ಕದ ಹೊಲಿಗೆ ಮತ್ತು ಸೊಂಟದ ಮಡಿಕೆಗೆ ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹೋಗುವ ಹಿಮ್ಮುಖ ಹೊಲಿಗೆಯೇ ಹಾಕಬೇಕು. ಸಾದಾ ಓಟದ ಹೊಲಿಗೆ ಎಲಾಸ್ಟಿಕ್ ಹಿಗ್ಗುವ ಜಾಗದಲ್ಲಿ ಕಿತ್ತುಬರುತ್ತದೆ. ಕೆಳ ಅಂಚಿಗೆ ಹೆಮ್ಮಿಂಗ್. ಕೈಹೆಮ್ಮಿಂಗ್ ಹೊರಗೆ ಕಾಣುವುದೂ ಕಡಿಮೆ, ಮಷೀನ್ ಇರುವವರೂ ರೇಯಾನ್ ಬಟ್ಟೆಗೆ ಅದನ್ನೇ ಮಾಡಿದರೆ ಚೆಂದ.

ಮಕ್ಕಳಿಗೆ ಹೊಲಿಯುವಾಗ ಏನು ಬದಲಾಗುತ್ತದೆ?

ಚಿಕ್ಕ ಮಕ್ಕಳಲ್ಲಿ ಸೊಂಟಕ್ಕೂ ಹಿಪ್ಪಿಗೂ ಹೆಚ್ಚು ವ್ಯತ್ಯಾಸವಿಲ್ಲ, ಹಾಗಾಗಿ ಸ್ಕರ್ಟ್ ನಿಲ್ಲಲು ಎಲಾಸ್ಟಿಕ್ಕೇ ಆಧಾರ. ಆದರೆ ಬಿಗಿ ಮಾಡಿದರೆ ಮೈಮೇಲೆ ಗೆರೆ ಬೀಳುತ್ತದೆ. ಮೃದುವಾದ, ಅಗಲವಾದ ಎಲಾಸ್ಟಿಕ್ಕನ್ನು ಸೊಂಟಕ್ಕಿಂತ 2 ಸೆಂ.ಮೀ. ಕಡಿಮೆ ಇಟ್ಟು ನೋಡಿ. ಮಗು ಬೆಳೆಯುತ್ತದೆ ಎಂಬ ಲೆಕ್ಕದಲ್ಲಿ ಜೋಡಿಸುವಾಗ 5 ಸೆಂ.ಮೀ. ಹೆಚ್ಚಿನ ಎಲಾಸ್ಟಿಕ್ ಒಳಗೇ ಮಡಚಿಡಿ, ಕೆಳ ಅಂಚನ್ನೂ 6ರಿಂದ 8 ಸೆಂ.ಮೀ. ಆಳವಾಗಿ ಮಡಚಿ, ಬೇಕಾದಾಗ ಬಿಚ್ಚಿ ಇಳಿಸಬಹುದು. ನಡುವೆ ಸಾಲಾಗಿ ತೂತುಗಳಿರುವ ಎಲಾಸ್ಟಿಕ್ ಸಿಕ್ಕರೆ ಇನ್ನೂ ಒಳ್ಳೆಯದು, ಒಳಗೆ ಗುಂಡಿ ಹಾಕಿ ಬಿಗಿ ಸಡಿಲ ಮಾಡಬಹುದು.

ಹೊಲಿದ ಸ್ಕರ್ಟಿನ ಎಲಾಸ್ಟಿಕ್ ಬೇಗ ಸೋಲದಂತೆ ಏನು ಮಾಡಬೇಕು? ಸೋತರೆ?

ಎಲಾಸ್ಟಿಕ್ಕಿನ ಶತ್ರು ಬಿಸಿ ಮತ್ತು ಕ್ಲೋರಿನ್ ಬ್ಲೀಚ್. ಕುದಿನೀರಿನಲ್ಲಿ ನೆನೆಸಬೇಡಿ, ಬಿಸಿಲಿಗೆ ಹಾಕುವಾಗ ಒಳಮೈ ಹೊರಗೆ ಮಾಡಿ ಸೊಂಟಕ್ಕೆ ನೇರ ಬಿಸಿಲು ಬೀಳದಂತೆ ಒಣಗಿಸಿ, ಸೊಂಟದ ಮೇಲೆ ಕಾದ ಇಸ್ತ್ರಿ ಒತ್ತಬೇಡಿ.

ಸೋತರೆ ಮಡಿಕೆಯ ಬಾಯಿ ಇದ್ದ ಕಡೆ 5 ಸೆಂ.ಮೀ. ಬಿಚ್ಚಿ. ಹಳೆಯ ಎಲಾಸ್ಟಿಕ್ಕನ್ನು ಹೊರಗೆಳೆದು, ಜೋಡಣೆಯ ಹತ್ತಿರ ಕತ್ತರಿಸಿ, ಅದರ ಒಂದು ತುದಿಗೆ ಹೊಸದನ್ನು ನಾಲ್ಕು ಕೈಹೊಲಿಗೆಯಲ್ಲಿ ಕಟ್ಟಿ, ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆಯಿರಿ. ಹೊಸದರ ಬಾಲಕ್ಕೆ ಪಿನ್ನು ಹಾಕಿರುವುದನ್ನು ಖಚಿತಪಡಿಸಿಕೊಂಡೇ ಎಳೆಯಿರಿ. ಹಳೆಯದು ಹೊರಬರುತ್ತ ಹೊಸದನ್ನು ತನ್ನ ಹಿಂದೆಯೇ ಒಳಗೆ ತಂದುಕೊಡುತ್ತದೆ, ಮತ್ತೆ ತೂರಿಸುವ ಕೆಲಸವಿಲ್ಲ.